ಮರ ಬರೆದಿಟ್ಟ ಬರದ ಲೆಕ್ಕ

ಬಾಸ್ ನಂಬಿದ್ದನ್ನು ತಾನು ನಂಬಲಿಲ್ಲ ಅನ್ನೋ ಕಾರಣಕ್ಕೆ ಕೆಲಸ ಕಳೆದುಕೊಂಡವರು ನಮ್ಮ ನಡುವೆ ಬೇಕಾದಷ್ಟು ಜನ ಸಿಗ್ತಾರೆ. ಆದರೆ ಮಂಗಳ ಗ್ರಹದ ಕಾಲುವೆಗಳ ವಿಷಯಕ್ಕೆ ಬಾಸ್ ಜೊತೆ ಕೆಡಿಸಿಕೊಂಡು ಕೆಲಸ ಕಳೆದುಕೊಂಡವನು ನನಗೆ ಗೊತ್ತಿರುವ ಹಾಗೆ ಒಬ್ಬನೇ. ಅವನ ಹೆಸರು ಆಂಡ್ರ್ಯೂ ಎಲಿಕಾಟ್ ಡಗ್ಲಸ್. ಬರಗಾಲದ ಇತಿಹಾಸ ಓದುವವರು ಯಾರೇ ಆಗಲಿ, ಒಂದಲ್ಲ ಒಂದು ದಿನ ಈ ಮನುಷ್ಯನ ಹತ್ತಿರ ಬಂದು ನಿಲ್ಲಲೇಬೇಕು. ನಾನೂ ಹಾಗೇ ಬಂದವನು.

ಬಾಸ್ ಯಾರು ಅಂದ್ರೆ ಬಾಸ್ಟನ್ನಿನ ಸಿರಿವಂತ ಪರ್ಸಿವಲ್ ಲೋವೆಲ್. ಮಂಗಳ ಒಣಗುತ್ತಿರುವ ಗ್ರಹ, ಅಲ್ಲಿನ ಬುದ್ಧಿವಂತ ಜೀವಿಗಳು ಧ್ರುವದ ಹಿಮದ ನೀರನ್ನು ತರೋದಕ್ಕೆ ಕಾಲುವೆ ತೋಡಿದ್ದಾರೆ ಅನ್ನೋದು ಅವನ ಗಟ್ಟಿ ನಂಬಿಕೆ. ಅದನ್ನು ನೋಡೋದಕ್ಕೆ ಅಂತಲೇ 1894ರಲ್ಲಿ ಅಮೆರಿಕದ ಅರಿಜೋನಾ ಸೀಮೆಯ ಫ್ಲ್ಯಾಗ್‌ಸ್ಟಾಫ್ ಊರಿನಲ್ಲಿ ವೀಕ್ಷಣಾಲಯ ಕಟ್ಟಿಸಿದ. ಜಾಗ ಹುಡುಕಿಕೊಟ್ಟವನು ಡಗ್ಲಸ್ಸೇ. ಆದರೆ ವರ್ಷಗಟ್ಟಲೆ ದೂರದರ್ಶಕಕ್ಕೆ ಕಣ್ಣಿಟ್ಟ ಮೇಲೆ ಅವನಿಗೆ ಅನುಮಾನ ಶುರುವಾಯಿತು. ಈ ಗೆರೆಗಳು ಮಂಗಳನಲ್ಲಿವೆಯೋ, ನೋಡುವವರ ಕಣ್ಣಿನಲ್ಲಿವೆಯೋ? ಲೋವೆಲ್ ಮೊದಲೇ ಉತ್ತರ ಇಟ್ಟುಕೊಂಡು ಆಮೇಲೆ ಪುರಾವೆ ಹುಡುಕುತ್ತಾನೆ ಅಂತ ಅವನ ಬಂಧುವೊಬ್ಬರಿಗೆ ಪತ್ರ ಬರೆದ. 1901ರಲ್ಲಿ ಕೆಲಸ ಹೋಯಿತು.

ಮಂಗಳನ ಕಾಲ್ಪನಿಕ ಬರಗಾಲವನ್ನು ನಂಬದೆ ಬೀದಿಗೆ ಬಿದ್ದವನೇ ಮುಂದೆ ಭೂಮಿಯ ಮೇಲಿನ ನಿಜವಾದ ಬರಗಾಲಗಳನ್ನು ಓದುವ ವಿದ್ಯೆ ಕಂಡುಹಿಡಿದ. ಈ ಬರಹ ಆ ವಿದ್ಯೆಯ ಬಗ್ಗೆ, ಮತ್ತು ಅದು ಇವತ್ತು ನಮಗೆ ಹೇಳುತ್ತಿರುವ ಒಂದು ಕೆಟ್ಟ ಸುದ್ದಿಯ ಬಗ್ಗೆ.

ಕೆಲಸ ಹೋದ ಮೇಲೂ ಡಗ್ಲಸ್ ಫ್ಲ್ಯಾಗ್‌ಸ್ಟಾಫ್ ಬಿಡಲಿಲ್ಲ. ಸ್ವಲ್ಪ ಕಾಲ ನ್ಯಾಯಾಧೀಶನ ಕೆಲಸ, ಸ್ವಲ್ಪ ಕಾಲ ಮೇಷ್ಟ್ರ ಕೆಲಸ. ತಲೆಯೊಳಗೆ ಮಾತ್ರ ಸೂರ್ಯನ ಕಲೆಗಳು. ಸುಮಾರು 11 ವರ್ಷಕ್ಕೊಮ್ಮೆ ಸೂರ್ಯನ ಮೇಲಿನ ಕಲೆಗಳು ಹೆಚ್ಚಾಗಿ ಕಮ್ಮಿಯಾಗುತ್ತವೆ. ಅದಕ್ಕೂ ಭೂಮಿಯ ಮಳೆಗೂ ಸಂಬಂಧ ಇರಬಹುದಾ? ಇದ್ದರೆ ತೋರಿಸೋದು ಹೇಗೆ? ಆ ಸೀಮೆಯಲ್ಲಿ ನೂರಾರು ವರ್ಷದ ಮಳೆ ಲೆಕ್ಕ ಬರೆದಿಟ್ಟವರು ಯಾರೂ ಇರಲಿಲ್ಲ. ಇದ್ದದ್ದು ಊರಿನ ಸುತ್ತ ಪಾಂಡೆರೋಸಾ ಪೈನ್ ಮರಗಳ ದೊಡ್ಡ ಕಾಡು. ಒಣ ಸೀಮೆಯ ಮರಕ್ಕೆ ನೀರೇ ಊಟ. ನೀರು ಸಿಕ್ಕ ವರ್ಷ ಚೆನ್ನಾಗಿ ಬೆಳೆದಿರಬೇಕು, ಸಿಗದ ವರ್ಷ ಸೊರಗಿರಬೇಕು. ಹಾಗಾದರೆ ಮಳೆಯ ಲೆಕ್ಕ ಮರದೊಳಗೇ ಇರಬೇಕಲ್ವಾ?

ಇತ್ತು. ಮರದ ತೊಗಟೆಯ ಕೆಳಗೆ ಜೀವಕೋಶಗಳ ಒಂದು ತೆಳು ಪದರ ಇರುತ್ತೆ. ಬೆಳೆಯುವ ಕಾಲದಲ್ಲಿ ಅದು ಒಳಗಡೆಗೆ ಹೊಸ ಮರದ ಕೋಶಗಳನ್ನು ಸೇರಿಸುತ್ತಾ ಹೋಗುತ್ತೆ. ಋತುವಿನ ಮೊದಲಲ್ಲಿ ದೊಡ್ಡ ಕೋಶ, ತಿಳಿ ಬಣ್ಣ. ಕೊನೆಯಲ್ಲಿ ಚಿಕ್ಕ ಕೋಶ, ಗಾಢ ಬಣ್ಣ. ಎರಡೂ ಸೇರಿ ಒಂದು ಉಂಗುರ, ಅಂದ್ರೆ ಒಂದು ವರ್ಷ. ಉಂಗುರ ಅಗಲ ಇದ್ದರೆ ನೀರಿದ್ದ ವರ್ಷ. ಕೂದಲೆಳೆಯಷ್ಟು ತೆಳುವಾಗಿದ್ದರೆ ಬರ. ತೀರಾ ಕೆಟ್ಟ ವರ್ಷದಲ್ಲಿ ಕಾಂಡದ ಕೆಲವು ಕಡೆ ಉಂಗುರವೇ ಮೂಡುವುದಿಲ್ಲ.

ಸುಮ್ಮನೆ ಉಂಗುರ ಎಣಿಸುವ ಕೆಲಸ ಡಗ್ಲಸ್‌ಗಿಂತ ಮುಂಚೆಯೂ ಜನ ಮಾಡಿದ್ದರು. ಇವನು ಗಮನಿಸಿದ್ದು ಬೇರೆ. ಒಂದು ಮರದಲ್ಲಿ ಅಗಲ, ಅಗಲ, ತೆಳು, ಅಗಲ, ತೆಳು, ತೆಳು ಅಂತ ಒಂದು ವರಸೆ ಇದ್ದರೆ, ಮೈಲಿಗಟ್ಟಲೆ ದೂರದ ಇನ್ನೊಂದು ಮರದಲ್ಲೂ ಅದೇ ವರಸೆ. ಎರಡೂ ಒಂದೇ ಬರವನ್ನು ಉಂಡಿವೆ, ಹಾಗಾಗಿ. ಡೇಟಾ ಜೊತೆ ದಿನ ಕಳೆಯುವವರಿಗೆ ಇದು ತಕ್ಷಣ ಹೊಳೆಯುತ್ತೆ: ಎರಡು ಟೇಬಲ್ ಇವೆ, ಎರಡರಲ್ಲೂ ಸಮಾನವಾದ ಒಂದು ತುಂಡು ಇದೆ, ಜಾಯಿನ್ ಮಾಡಬಹುದು. ಇವತ್ತು ಕಡಿದ ಮರದ ಒಳಗಿನ ವರಸೆಯನ್ನು ಹಳೇ ಮನೆಯ ತೊಲೆಯ ಹೊರಗಿನ ವರಸೆಗೆ ಹೊಂದಿಸಿದರೆ ಲೆಕ್ಕ ಹಿಂದಕ್ಕೆ ಹೋಗುತ್ತೆ. ಆ ತೊಲೆಯಿಂದ ಇನ್ನೂ ಹಳೇ ತೊಲೆಗೆ. ಹೀಗೆ ಹೋಗ್ತಾನೇ ಇರಬಹುದು.

1906ರಲ್ಲಿ ಡಗ್ಲಸ್ ಟೂಸಾನ್ ಊರಿನ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಸೇರಿದ. ಕ್ರಮೇಣ ಅವನ ಸುದ್ದಿ ಪುರಾತತ್ವದವರ ಕಿವಿಗೆ ಬಿತ್ತು. ಅಮೆರಿಕದ ನೈರುತ್ಯದ ಕಣಿವೆಗಳಲ್ಲಿ ಪ್ಯೂಬ್ಲೋ ಜನರ ಪೂರ್ವಿಕರು ಕಲ್ಲಿನಲ್ಲಿ ಕಟ್ಟಿದ ಬಹುಮಹಡಿ ಮನೆಗಳಿವೆ. ಚಾಕೋ ಕಣಿವೆಯ ಪ್ಯೂಬ್ಲೋ ಬೊನಿಟೊ, ಮೆಸಾ ವರ್ಡೆಯ ಬಂಡೆಗೂಡುಗಳು. ಯಾವ ಕಾಲದವು ಅಂತ ಆಗ ಯಾರಿಗೂ ನಿಖರವಾಗಿ ಗೊತ್ತಿರಲಿಲ್ಲ. ಬರಹ ಇಲ್ಲ, ನಾಣ್ಯ ಇಲ್ಲ. ಆದರೆ ಚಾವಣಿಗೆ ಹಾಕಿದ ಪೈನ್ ತೊಲೆಗಳಿದ್ದವು.

ತೊಲೆಗಳ ತುಂಡುಗಳನ್ನು ಜೋಡಿಸುತ್ತಾ ಹೋದಾಗ ಅವನ ಕೈಯಲ್ಲಿ ಎರಡು ಸರಪಳಿಗಳು ಉಳಿದವು. ಒಂದು ಇವತ್ತಿನಿಂದ ಹಿಂದಕ್ಕೆ 13ನೇ ಶತಮಾನದವರೆಗೆ ಹೋಗುವ ಸರಪಳಿ. ಇನ್ನೊಂದು ಹಳೇ ಮನೆಗಳದ್ದು, 585 ವರ್ಷದಷ್ಟು ಉದ್ದ, ಆದರೆ ಎಲ್ಲಿಗೂ ಕಟ್ಟಿಲ್ಲದೆ ತೇಲುತ್ತಿರುವಂಥದ್ದು. ಎರಡರ ನಡುವೆ ಕೊಂಡಿ ಇಲ್ಲ. ಆ ಕೊಂಡಿ ಹುಡುಕೋದಕ್ಕೆ ಅಂತ ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿಯ ದುಡ್ಡಿನಲ್ಲಿ ತಂಡಗಳು ವರ್ಷಗಟ್ಟಲೆ ಹಳ್ಳಿ ಹಳ್ಳಿ ಅಲೆದವು. 1929ರ ಜೂನ್ 22ರಂದು ಅರಿಜೋನಾದ ಶೋ ಲೋ ಅನ್ನೋ ಸಣ್ಣ ಊರಿನ ಹಾಳುಗುಂಡಿಯಲ್ಲಿ ಅರ್ಧ ಸುಟ್ಟ ಒಂದು ತೊಲೆ ಸಿಕ್ಕಿತು. ಅದಕ್ಕೆ ಎಚ್‌ಎಚ್-39 ಅಂತ ಸಂಖ್ಯೆ ಕೊಟ್ಟರು. ಇದ್ದಿಲಾದ ಮರ ಕೊಳೆಯೋದಿಲ್ಲ, ಉಂಗುರ ಹಾಗೇ ಉಳಿದಿತ್ತು. ಹೊರಗಿನ ಉಂಗುರ 1380ರದ್ದು, ಒಳಗಿನದು 1237ರದ್ದು. ಎರಡೂ ಸರಪಳಿ ಅದರೊಳಗೆ ಕೂಡಿಕೊಂಡವು. ಒಂದೇ ದಿನದಲ್ಲಿ ಹತ್ತಾರು ಹಾಳೂರುಗಳಿಗೆ ಇಸವಿ ಸಿಕ್ಕಿತು. ಪ್ಯೂಬ್ಲೋ ಬೊನಿಟೊದ ತೊಲೆಗಳು 10ನೇ ಶತಮಾನದಿಂದ 12ನೇ ಶತಮಾನದ ಆರಂಭದ ನಡುವೆ ಕಡಿದವು ಅಂತ ಗೊತ್ತಾಯಿತು.

ಈ ಕತೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಆಮೇಲೆ ತಿಳಿದುಬಂದ ಒಂದು ಸಂಗತಿ. ಆ ಎರಡು ಸರಪಳಿಗಳ ನಡುವೆ ನಿಜಕ್ಕೂ ಕಂದರ ಇರಲೇ ಇಲ್ಲ. ಅವು ಒಂದರ ಮೇಲೊಂದು ಸ್ವಲ್ಪ ದೂರ ಹಾಸಿಕೊಂಡೇ ಇದ್ದವು. ಆದರೆ ಕೂಡುವ ಜಾಗದಲ್ಲಿ ಉಂಗುರಗಳು ಎಷ್ಟು ತೆಳುವಾಗಿದ್ದವು, ಮಾದರಿಗಳು ಎಷ್ಟು ಕಮ್ಮಿಯಿದ್ದವು ಅಂದ್ರೆ ಡಗ್ಲಸ್‌ಗೆ ಅದನ್ನು ನಂಬುವ ಧೈರ್ಯ ಬರಲಿಲ್ಲ. ಅಷ್ಟು ತೆಳು ಯಾಕೆ? 1276ರಿಂದ 1299ರವರೆಗೆ ಆ ಸೀಮೆಗೆ ಬಡಿದ ಬರ. ಡಗ್ಲಸ್ ಅದನ್ನು 'ಮಹಾ ಬರ' ಅಂತ ಕರೆದ. ಬರದ ಚರಿತ್ರೆ ಬರೆಯಲು ಹೊರಟವನಿಗೆ ಬರವೇ ಅಡ್ಡ ನಿಂತಿತ್ತು.

ಸರಿಸುಮಾರು ಅದೇ ಕಾಲಕ್ಕೆ, 1300ರ ಒಳಗೆ, ಮೆಸಾ ವರ್ಡೆಯ ಜನ ತಮ್ಮ ಬಂಡೆಮನೆಗಳನ್ನು ಬಿಟ್ಟು ದಕ್ಷಿಣಕ್ಕೆ ಹೋದರು. ಬರವೊಂದೇ ಓಡಿಸಿತು ಅಂತ ಮೊದಮೊದಲು ಹೇಳುತ್ತಿದ್ದರು. ಈಗಿನ ಪುರಾತತ್ವದವರು ಅಷ್ಟು ಸುಲಭಕ್ಕೆ ಒಪ್ಪೋದಿಲ್ಲ. ಒಳಜಗಳ, ಹಿಂಸೆ, ಬದಲಾಗುತ್ತಿದ್ದ ನಂಬಿಕೆಗಳು, ಚಳಿ, ಎಲ್ಲ ಸೇರಿತ್ತು ಅಂತಾರೆ. ಬರ ಅನ್ನೋದು ಆಗಲೇ ಬಿರುಕು ಬಿಟ್ಟ ಗೋಡೆಗೆ ಬಿದ್ದ ಪೆಟ್ಟು.

ಊರು ಬಿಟ್ಟ ಜನರ ಕತೆ ಹೀಗಾಯಿತು, ಮರಗಳ ಕತೆ? ಎಚ್‌ಎಚ್-39 ಆಗಿ ಸಿಕ್ಕ ಆ ಪೈನ್ ಮರಕ್ಕೆ ಮಹಾ ಬರ ಶುರುವಾದಾಗ ಸುಮಾರು 40 ವರ್ಷ. 24 ವರ್ಷ ಬರ ಉಂಡು, ತೆಳು ಉಂಗುರ ಹಾಕಿಕೊಂಡು, ಆಮೇಲೆ ಮತ್ತೆ ಎಂಬತ್ತು ವರ್ಷ ಬದುಕಿತು. ಮರದ ಜಾಣತನ ಇರೋದು ಇಲ್ಲೇ. ನೀರು ಕಮ್ಮಿಯಾದಾಗ ಮರ ಮೊದಲು ನಿಲ್ಲಿಸೋದು ದಪ್ಪ ಆಗೋದನ್ನ. ಹೊಸ ಕೋಶ ಉಬ್ಬಿ ದೊಡ್ಡದಾಗಬೇಕು ಅಂದ್ರೆ ಒಳಗೆ ನೀರಿನ ಒತ್ತಡ ಬೇಕು. ಅದಿಲ್ಲದಿದ್ದರೆ ಉಂಗುರ ತೆಳುವಾಗುತ್ತೆ, ಆದರೆ ಜೀವ ಉಳಿಯುತ್ತೆ. ತೆಳು ಉಂಗುರ ಅಂದ್ರೆ ಕಷ್ಟಕಾಲದಲ್ಲಿ ಖರ್ಚು ಕಡಿಮೆ ಮಾಡಿದ ಮನೆಯ ಲೆಕ್ಕದ ಪುಸ್ತಕ ಇದ್ದ ಹಾಗೆ.

ಹಾಗಾದರೆ ಬರ ಹೊಸದಲ್ಲ, ಮರಗಳಿಗೆ ಅಭ್ಯಾಸ ಇದೆ, ಈಗಲೂ ತಡ್ಕೊಳ್ತವೆ ಅಂತ ಅನ್ನಿಸಬಹುದು. ಈ ಮಾತನ್ನು ನಾನು ಎಷ್ಟೋ ಚರ್ಚೆಗಳಲ್ಲಿ ಕೇಳಿದ್ದೇನೆ. "ಹಿಂದೆನೂ ಬರ ಬಂದಿತ್ತಲ್ಲ ಸ್ವಾಮಿ, ಆಗ ಯಾವ ಕಾರು, ಯಾವ ಫ್ಯಾಕ್ಟರಿ ಇತ್ತು?" ಪ್ರಶ್ನೆ ಸರಿಯಾಗೇ ಇದೆ. ಉತ್ತರವೂ ಅದೇ ಸೀಮೆಯ ಮರಗಳಲ್ಲೇ ಇದೆ.

1950ರ ದಶಕದಲ್ಲಿ ಅಮೆರಿಕದ ನೈರುತ್ಯಕ್ಕೆ ಕಡು ಬರ ಬಂತು. 2000ದ ನಂತರ ಇನ್ನೊಂದು ಬಂತು. ಮಳೆಯ ಲೆಕ್ಕದಲ್ಲಿ ನೋಡಿದರೆ 1950ರದ್ದೇ ಹೆಚ್ಚು ಒಣ. ಆದರೆ 2002-03ರಲ್ಲಿ ಅಲ್ಲಿನ ಪಿನ್ಯೋನ್ ಪೈನ್ ಮರಗಳು ಸತ್ತ ರೀತಿ ನೋಡಿ ವಿಜ್ಞಾನಿಗಳೇ ಬೆಚ್ಚಿದರು. ಉತ್ತರ ನ್ಯೂ ಮೆಕ್ಸಿಕೋದಲ್ಲಿ ವರ್ಷಗಳಿಂದ ಅಳತೆ ಮಾಡುತ್ತಿದ್ದ ಒಂದು ಕಡೆ ಶೇ. 90ಕ್ಕೂ ಹೆಚ್ಚು ಪಿನ್ಯೋನ್‌ಗಳು ಸತ್ತವು. ಡೇವಿಡ್ ಬ್ರೆಶಿಯರ್ಸ್ ಮತ್ತು ಸಂಗಡಿಗರು 2005ರಲ್ಲಿ ಇದನ್ನು ಪ್ರಕಟಿಸಿ, ಇದು ಬೇರೆಯೇ ಜಾತಿಯ ಬರ ಅಂದರು. ಎರಡು ಬರಗಳ ನಡುವೆ ಎದ್ದು ಕಾಣುವ ವ್ಯತ್ಯಾಸ ಒಂದಿತ್ತು. ಈ ಸಲ ಸೆಕೆ ಹೆಚ್ಚಿತ್ತು.

ಸೆಕೆ ಏನು ಮಾಡುತ್ತೆ? ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು ಶೇ. 7ರಷ್ಟು ಜಾಸ್ತಿಯಾಗುತ್ತೆ. ಅಂದ್ರೆ ಗಾಳಿಯ ಬಾಯಾರಿಕೆ ಹೆಚ್ಚುತ್ತೆ. ಅದು ಮಣ್ಣಿನಿಂದಲೂ ಎಲೆಯಿಂದಲೂ ನೀರು ಎಳೆಯುತ್ತೆ. ಬಟ್ಟೆ ಬೇಸಿಗೆಯಲ್ಲಿ ಬೇಗ ಒಣಗುತ್ತಲ್ಲ, ಹಾಗೆ. ಮರಕ್ಕೆ ಆಗ ಎರಡೇ ದಾರಿ. ಎಲೆಯ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡರೆ ನೀರು ಉಳಿಯುತ್ತೆ, ಆದರೆ ಗಾಳಿಯಿಂದ ಇಂಗಾಲ ಒಳಗೆ ಬರೋದಿಲ್ಲ, ಆಹಾರ ತಯಾರಾಗೋದಿಲ್ಲ. ತೆರೆದಿಟ್ಟರೆ ಆಹಾರ ಸಿಗುತ್ತೆ, ಆದರೆ ಬೇರಿನಿಂದ ಎಲೆಯವರೆಗಿನ ನೀರಿನ ಎಳೆ ಬಿಗಿದು ಬಿಗಿದು ಕೊನೆಗೆ ತುಂಡಾಗುತ್ತೆ, ನಾಳದೊಳಗೆ ಗಾಳಿಗುಳ್ಳೆ ತುಂಬಿಕೊಳ್ಳುತ್ತೆ. ಬೋರ್‌ವೆಲ್ ಪೈಪಿನಲ್ಲಿ ಗಾಳಿ ಹಿಡಿದು ಪಂಪು ಬರೀ ಸದ್ದು ಮಾಡೋದನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಷ್ಟರ ಮೇಲೆ ತೊಗಟೆ ಕೊರೆಯುವ ಜೀರುಂಡೆಗಳು. ಗಟ್ಟಿಯಿರುವ ಪೈನ್ ಮರ ರಾಳ ಸುರಿಸಿ ಅವನ್ನು ಹೊರಗೆ ತಳ್ಳುತ್ತೆ. ಒಣಗಿದ ಮರದಲ್ಲಿ ರಾಳ ಎಲ್ಲಿಂದ ಬರಬೇಕು?

ಇದು ಬರೀ ಊಹೆಯಲ್ಲ ಅಂತ ತೋರಿಸಿದ ಪ್ರಯೋಗವೂ ಆಯಿತು. ಅರಿಜೋನಾ ವಿಶ್ವವಿದ್ಯಾಲಯದ ಬಯೋಸ್ಫಿಯರ್-2 ಎಂಬ ದೈತ್ಯ ಗಾಜಿನ ಮನೆಯೊಳಗೆ ಪಿನ್ಯೋನ್ ಮರಗಳನ್ನು ತಂದು ನೆಟ್ಟು, ಕೆಲವಕ್ಕೆ ನೀರು ನಿಲ್ಲಿಸಿದರು. ಅವುಗಳಲ್ಲಿ ಒಂದಷ್ಟು ಮಾಮೂಲಿ ಬಿಸಿಯಲ್ಲಿ, ಇನ್ನೊಂದಷ್ಟು ಸುಮಾರು 4 ಡಿಗ್ರಿ ಹೆಚ್ಚು ಬಿಸಿಯಲ್ಲಿ. ನೀರು ಇಬ್ಬರಿಗೂ ಇಲ್ಲ. ಬಿಸಿಯಲ್ಲಿದ್ದವು ಸುಮಾರು ಶೇ. 28ರಷ್ಟು ಬೇಗ ಸತ್ತವು ಅಂತ 2009ರಲ್ಲಿ ವರದಿಯಾಯಿತು. ನಾಲ್ಕು ತಿಂಗಳ ಬರವನ್ನು ತಡೆಯಬಲ್ಲ ಮರ ಬಿಸಿ ಹೆಚ್ಚಾದರೆ ಮೂರೇ ತಿಂಗಳಿಗೆ ಸೋಲುತ್ತೆ ಅಂತ ಅಂದಾಜಾಗಿ ಅರ್ಥ ಮಾಡಿಕೊಳ್ಳಬಹುದು. ಸಣ್ಣಪುಟ್ಟ ಬರಗಳೇ ಹೆಚ್ಚು ಸಲ ಬರೋದು. ಹಾಗಾಗಿ ಇಲ್ಲಿಯವರೆಗೆ ಬರೀ ತೆಳು ಉಂಗುರ ಬಿಟ್ಟು ಹೋಗುತ್ತಿದ್ದ ಬರಗಳೂ ಇನ್ನು ಮುಂದೆ ಮರವನ್ನೇ ಕೊಲ್ಲಬಹುದು.

ಡಗ್ಲಸ್ ಶುರುಮಾಡಿದ ಉಂಗುರದ ಲೆಕ್ಕ ಈಗ ಸಾವಿರಾರು ಮರಗಳಿಗೆ, ಸಾವಿರಾರು ವರ್ಷಗಳಿಗೆ ಬೆಳೆದಿದೆ. ಅದನ್ನಿಟ್ಟುಕೊಂಡು ಪಾರ್ಕ್ ವಿಲಿಯಮ್ಸ್ ಮತ್ತು ಸಂಗಡಿಗರು 2022ರಲ್ಲಿ ಹೇಳಿದ್ದು: ಅಮೆರಿಕದ ನೈರುತ್ಯದಲ್ಲಿ 2000ದಿಂದ 2021ರವರೆಗಿನ 22 ವರ್ಷ, ಕ್ರಿ.ಶ. 800ರಿಂದ ಈಚೆಗಿನ ಯಾವ 22 ವರ್ಷಗಳಿಗಿಂತಲೂ ಒಣ. ಮೆಸಾ ವರ್ಡೆಯ ಜನ ಊರು ಬಿಟ್ಟ ಮಹಾ ಬರವೂ ಈ ಲೆಕ್ಕದೊಳಗೇ ಬಂತು. ಆ ಒಣತನದಲ್ಲಿ ಸುಮಾರು ಶೇ. 42ರಷ್ಟು ಮನುಷ್ಯರಿಂದಾದ ಹವಾಮಾನ ಬದಲಾವಣೆಯ ಪಾಲು. "ಹಿಂದೆನೂ ಬರ ಇತ್ತಲ್ಲ" ಅನ್ನುವವರಿಗೆ ಉತ್ತರ ಇದೇ. ಹೌದು, ಇತ್ತು. ಈ ಸಲವೂ ಬರ ತನ್ನಷ್ಟಕ್ಕೆ ತಾನು ಬರುತ್ತಿತ್ತೇನೋ. ಅದನ್ನು ಇಷ್ಟು ದೊಡ್ಡದು ಮಾಡಿದವರು ನಾವು.

ಒಂದು ಅನುಮಾನ ಉಳಿಯುತ್ತೆ. ಒಣ ಸೀಮೆಯಲ್ಲಿ ಹೀಗಾಯಿತು, ಚಳಿ ಸೀಮೆಯಲ್ಲಿ ಬಿಸಿ ಹೆಚ್ಚಾದರೆ ಮರಕ್ಕೆ ಒಳ್ಳೆಯದೇ ಅಲ್ವಾ? ಕೆಲವು ಕಡೆ ಹೌದು. ಆದರೆ ಅಲಾಸ್ಕದ ಬಿಳಿ ಸ್ಪ್ರೂಸ್ ಮರಗಳ ಉಂಗುರ ನೋಡಿದವರು 2000ದಲ್ಲಿ ತೋರಿಸಿದ್ದು ಬೇರೆ. 20ನೇ ಶತಮಾನದಲ್ಲಿ ಬೇಸಿಗೆ ಬೆಚ್ಚಗಾದಂತೆ ಅಲ್ಲಿನ ಮರಗಳು ಬೆಳೆದದ್ದು ಕಮ್ಮಿ. ಬಿಸಿ ಬಂತು, ಜೊತೆಗೆ ನೀರು ಬರಲಿಲ್ಲ.

ಇಷ್ಟು ಓದಿದ ಮೇಲೆ ನಮ್ಮ ಕಡೆ ಏನು ಕತೆ ಅಂತ ಕೇಳದೆ ಇರೋದಕ್ಕೆ ನನಗಾಗಲಿಲ್ಲ. ನಮ್ಮ ಉಷ್ಣವಲಯದ ಎಷ್ಟೋ ಮರಗಳಲ್ಲಿ ಸ್ಪಷ್ಟ ಉಂಗುರ ಮೂಡೋದಿಲ್ಲ, ಚಳಿಗಾಲದ ಬಿಡುವು ಇಲ್ಲವಲ್ಲ. ಅಪವಾದ ನಮ್ಮ ತೇಗ, ಅಂದ್ರೆ ಸಾಗುವಾನಿ. ಬೇಸಿಗೆಯಲ್ಲಿ ಎಲೆ ಉದುರಿಸಿ ಸುಮ್ಮನಾಗುತ್ತೆ, ಮಳೆ ಬಿದ್ದರೆ ಮತ್ತೆ ಬೆಳೆಯುತ್ತೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಕೇರಳದ ತೇಗದ ಮರಗಳಿಂದ 1481ರಿಂದ 2003ರವರೆಗಿನ 523 ವರ್ಷಗಳ ಸರಪಳಿ ಕಟ್ಟಿದ್ದಾರೆ. ಎಲ್ ನಿನೋ ಬಂದು ಮುಂಗಾರು ಕೈಕೊಟ್ಟ ವರ್ಷಗಳಲ್ಲಿ ಬೆಳವಣಿಗೆ ಕುಗ್ಗಿರೋದು ಅದರಲ್ಲಿ ಕಾಣುತ್ತೆ. ವಿಜಯನಗರದ ಅರಸರ ಕಾಲದ ಮುಂಗಾರಿಗೂ ಹೀಗೆ ಸಾಕ್ಷಿ ಇದೆ.

2010ರಲ್ಲಿ ಎಡ್ವರ್ಡ್ ಕುಕ್ ಮತ್ತು ಸಂಗಡಿಗರು ಏಷ್ಯಾದ 300ಕ್ಕೂ ಹೆಚ್ಚು ಕಡೆಯ ಉಂಗುರದ ಲೆಕ್ಕ ಸೇರಿಸಿ ಮುಂಗಾರು ಬರಗಳ ನಕಾಶೆ ಮಾಡಿದಾಗ ಎದ್ದು ಕಂಡ ದೊಡ್ಡ ಬರಗಳಲ್ಲಿ 1876-78ರದ್ದೂ ಒಂದು. ನಮ್ಮ ಹಿರಿಯರು 'ಧಾತು ಈಶ್ವರ ಸಂವತ್ಸರದ ಬರ' ಅಂತ ನೆನೆಯುತ್ತಿದ್ದದ್ದು ಅದನ್ನೇ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ಮಳೆ ಹೋದದ್ದಕ್ಕೆ ಮಾತ್ರವಲ್ಲ, ಆಳುವವರು ನಡೆದುಕೊಂಡ ರೀತಿಗೂ ಸತ್ತ ಜನ ಅವರು. ಅಷ್ಟು ದೊಡ್ಡ ಬರ ಬಂದದ್ದು ಈಗಿಗಿಂತ ತಣ್ಣಗಿದ್ದ ಭೂಮಿಯ ಮೇಲೆ ಅನ್ನೋದನ್ನು ನೆನಪಿಟ್ಟುಕೊಳ್ಳಬೇಕು. ಅಂಥದ್ದೇ ಎಲ್ ನಿನೋ ಇವತ್ತಿನ ಸೆಕೆಯ ಜೊತೆ ಸೇರಿದರೆ ಕಾಡು ಹೇಗೆ ತಡೆದೀತು?

ಇದಕ್ಕೆ ಸುಳಿವು ಬಂಡೀಪುರಕ್ಕೆ ಅಂಟಿಕೊಂಡೇ ಇರುವ ಮುದುಮಲೆ ಕಾಡಿನಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಅವರ ತಂಡ 1988ರಲ್ಲಿ ಅಲ್ಲಿ 50 ಹೆಕ್ಟೇರು ಕಾಡನ್ನು ಗುರುತು ಮಾಡಿ, ಒಂದು ಸೆಂಟಿಮೀಟರಿಗಿಂತ ದಪ್ಪ ಇರುವ ಪ್ರತಿ ಮರಕ್ಕೂ ಸಂಖ್ಯೆ ಕೊಟ್ಟು ಅಳೆಯುತ್ತಾ ಬಂದಿದೆ. ತೇಗ, ಮತ್ತಿ, ನಂದಿ, ದಿಂಡುಗ, ಎಲ್ಲಕ್ಕೂ ಲೆಕ್ಕ ಇದೆ. ಬೇಸಿಗೆಯಲ್ಲಿ ನೀರು ಕಳೆದುಕೊಂಡು ಮರದ ಕಾಂಡ ಸ್ವಲ್ಪ ಸಣ್ಣಗಾಗೋದನ್ನೂ ಅಳತೆಪಟ್ಟಿ ತೋರಿಸಿದೆ.

2000ದ ನಂತರ ಅಲ್ಲಿ ಕೆಲವು ವರ್ಷ ಬಿಡದೆ ಬರ ಬಂತು. ರುತುಜಾ ಚಿತ್ರಾ-ತಾರಕ್ ಮತ್ತು ಸಂಗಡಿಗರು ಎರಡು ದಶಕದ ಲೆಕ್ಕ ಇಟ್ಟುಕೊಂಡು, 12 ಜಾತಿಯ ಮರಗಳು ನೆಲದ ಯಾವ ಆಳದಿಂದ ನೀರು ಕುಡಿಯುತ್ತವೆ ಅಂತ ಅಂದಾಜು ಮಾಡಿ 2018ರಲ್ಲಿ ಪ್ರಕಟಿಸಿದರು. ಆಳದ ನೀರು ಕುಡಿಯುವ ಮರ ಬರ ತಡೆಯುತ್ತೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಆದರೆ ಬರ ವರ್ಷಗಟ್ಟಲೆ ಎಳೆದಾಗ ಹೆಚ್ಚು ಸತ್ತದ್ದು ಅವೇ. ಆಳದ ನೀರು ಒಮ್ಮೆ ಖಾಲಿಯಾದರೆ ಮತ್ತೆ ತುಂಬೋದಕ್ಕೆ ವರ್ಷಗಳು ಬೇಕು. ಮೇಲಿನ ಮಣ್ಣು ಒಂದೇ ಮಳೆಗೆ ನೆನೆಯುತ್ತೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ನಂಬಿ ಕಟ್ಟಿದ ಬೆಂಗಳೂರಿನ ಬಡಾವಣೆಗಳು ಟ್ಯಾಂಕರಿಗೆ ಕಾದು ಕೂತದ್ದೂ ಇದೇ ತರದ ಲೆಕ್ಕ. ಒಂದೇ ಕಾಡು, ಒಂದೇ ಮಳೆ, ಆದರೆ ಒಂದೊಂದು ಜಾತಿಯ ಮರಕ್ಕೆ ಒಂದೊಂದು ಬರ.

ಇದೆಲ್ಲ ಬರೀ ಕಾಡಿನವರ ಚಿಂತೆಯಲ್ಲ. ಒಣಗಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಇಂಗಾಲವೇ. ನಾವು ಸುಟ್ಟು ಗಾಳಿಗೆ ಬಿಡುವ ಇಂಗಾಲದಲ್ಲಿ ಕಾಲು ಭಾಗದಷ್ಟನ್ನಾದರೂ ನೆಲದ ಹಸಿರು ಎಳೆದುಕೊಳ್ಳುತ್ತಿದೆ. ಕಂಪನಿಗಳು ಗಿಡ ನೆಟ್ಟು ಸರ್ಟಿಫಿಕೇಟ್ ಕೊಡುವಾಗ, ವಿಮಾನದ ಟಿಕೆಟ್ಟಿನ ಜೊತೆ ನಮ್ಮ ಹೆಸರಿಗೆ ಒಂದು ಗಿಡ ಅಂದಾಗ, ಆ ಲೆಕ್ಕದ ಹಿಂದೆ ಒಂದು ನಂಬಿಕೆ ಇರುತ್ತೆ. ಈ ಗಿಡ ಇನ್ನು ಐವತ್ತು ಅರವತ್ತು ವರ್ಷ ಉಂಗುರ ಹಾಕಿಕೊಂಡು ಬೆಳೆಯುತ್ತೆ ಅಂತ. ಸತ್ತ ಮರ ಹಿಡಿದಿಟ್ಟ ಇಂಗಾಲವನ್ನು ನಿಧಾನಕ್ಕೆ ಗಾಳಿಗೆ ವಾಪಸ್ ಕೊಡುತ್ತೆ, ಬೆಂಕಿ ಬಿದ್ದರೆ ಒಂದೇ ದಿನಕ್ಕೆ. ನಮ್ಮ ಸಾಲವನ್ನು ಮರ ತೀರಿಸುತ್ತೆ ಅಂತ ಕೂತರೆ, ಆ ಮರಕ್ಕೆ ಬದುಕುವ ವಾತಾವರಣ ಉಳಿಸೋದು ಯಾರು?

ನಮ್ಮಲ್ಲಿ ಬರಗಾಲದ ಮಾತು ಬಂದಾಗ ಕೇಳುವ ಪ್ರಶ್ನೆ ಒಂದೇ: ಮಳೆ ಎಷ್ಟು ಬಂತು? ಸರ್ಕಾರದ ಕಾಗದದಲ್ಲೂ, ಊರಿನ ಕಟ್ಟೆಯ ಮೇಲೂ ಅದೇ ಪ್ರಶ್ನೆ. ಏಳುನೂರು ವರ್ಷದ ಹಿಂದಿನ ಪೈನ್ ಮರಕ್ಕೆ ಆ ಒಂದು ಪ್ರಶ್ನೆ ಬಹುಮಟ್ಟಿಗೆ ಸಾಕಾಗಿತ್ತು. ಮುದುಮಲೆಯ ಮತ್ತಿ ಮರಕ್ಕೆ ಈಗ ಸಾಲದು. ಸೆಕೆ ಎಷ್ಟಿತ್ತು, ಹಿಂದಿನ ಬರದಿಂದ ನೆಲದ ಆಳ ಚೇತರಿಸಿಕೊಂಡಿತ್ತಾ ಅನ್ನೋದನ್ನೂ ಇನ್ನು ಮುಂದೆ ಕೇಳಬೇಕು. ಈ ವರ್ಷದ ಉಂಗುರವನ್ನು ನಮ್ಮ ಕಾಡಿನ ತೇಗಗಳು ಈಗ ಹಾಕಿಕೊಳ್ಳುತ್ತಿವೆ. ಮುಂದೊಂದು ದಿನ ಯಾರೋ ಅದನ್ನು ಭೂತಗನ್ನಡಿ ಹಿಡಿದು ಓದುತ್ತಾರೆ. ಅದು ತೆಳುವಾಗಿದ್ದರೂ ಚಿಂತೆಯಿಲ್ಲ, ಅದರ ಹೊರಗೆ ಇನ್ನೊಂದು ಉಂಗುರ ಇರಬೇಕು.